ಕೊಟೇಶನ್, ಎರಡನೇ ಸಲ

ಹುಲ್ಲಿಗೆ ಇಷ್ಟು ದುಡ್ಡಾ ಎಂದು ಕೇಳಿದಿರಿ, ವೃಂದಾ ಕುಡ್ವರೇ,
ಫೋನಿನಲ್ಲಿ, ಸ್ವಲ್ಪ ನಗುತ್ತಾ.
ಮಂಗಳೂರಿನಲ್ಲಿ ಹುಲ್ಲು ತಂತಾನೇ ಬರುತ್ತದಲ್ಲ,
ಟೆರೇಸಿನ ಬಿರುಕಿನಲ್ಲಿ, ಕೆಟ್ಟು ನಿಂತ ಕಾರಿನ ಬಂಪರಿನಲ್ಲಿ.
ಹೌದು.
ಈ ಊರಿನಲ್ಲಿ ಬೆಳೆಸಲಿಕ್ಕೆ ಯಾರೂ ದುಡ್ಡು ಕೊಡುವುದಿಲ್ಲ,
ಬೆಳೆಯುವುದನ್ನು ತಡೆಯಲಿಕ್ಕೆ ಕೊಡುವುದು.

ಹಾಗಾಗಿ ಇನ್ನೊಮ್ಮೆ ಬಿಡಿಸಿ ಬರೆದಿದ್ದೇನೆ.
ಮೂರೂವರೆ ಸೆಂಟ್ಸಿಗೆ ಮೆಕ್ಸಿಕನ್ ಹುಲ್ಲು,
ಚದರಡಿಗೆ ನಲ್ವತ್ತೆಂಟು.
ಅದರಡಿಗೆ ಕೆಂಪುಮಣ್ಣು ಆರು ಲೋಡು,
ಯಾಕೆಂದರೆ ನಿಮ್ಮ ಅಂಗಳ ಬರೀ ಮುರಕಲ್ಲು,
ಹಾರೆ ಹಾಕಿದರೆ ಮೊಂಡಾಗುವುದು ಹಾರೆಯೇ.
ಆಳು ಐದು. ಹುಲಿಗೆಮ್ಮ ಮತ್ತು ಅವಳ ಕಡೆಯವರು,
ಕುಷ್ಟಗಿ ಹತ್ತಿರದ ಊರು.
ಗಂಡಾಳಿಗೂ ಅವಳಿಗೂ ಒಂದೇ ಸಂಬಳ ಹಾಕಿದ್ದೇನೆ,
ದಯವಿಟ್ಟು ಅಲ್ಲಿ ಗೀಟು ಎಳೆಯಬೇಡಿ.
ಹುಲ್ಲಿನೊಳಗೆ ಹುಲ್ಲಿನಂತೆಯೇ ಕೂತ ಕಳೆ
ಅವಳಿಗೆ ಕಾಣುವಷ್ಟು ನನಗೂ ಕಾಣುವುದಿಲ್ಲ.

ಲೈಸೆನ್ಸ್ ಉಂಟಾ ಎಂದೂ ಕೇಳಿದಿರಿ. ಉಂಟು.
ಲಾಲ್‌ಬಾಗಿನ ಪಾಲಿಕೆ ಕಟ್ಟಡ, ಮೂರು ದಿನ, ಒಂದೇ ಕಿಟಕಿ.
ಉದ್ಯಮದ ಸ್ವರೂಪ ಎಂಬ ಕಾಲಮ್ಮಿನಲ್ಲಿ ಗುಮಾಸ್ತರು ನಿಂತುಬಿಟ್ಟರು.
ಗಾರ್ಡನ್ ಅಂದ್ರೆ ಹೂವಿನ ಅಂಗಡಿಯಾ?
ಅಲ್ಲ.
ನರ್ಸರಿಯಾ?
ಪೂರ್ತಿ ಅಲ್ಲ.
ಕಟ್ಟಡ ಕೆಲಸವಾ?
ಕಟ್ಟಡ ಮುಗಿದ ಮೇಲೆ ಉಳಿದದ್ದು, ಸರ್.
ಪೆನ್ನು ಕಚ್ಚಿ ಯೋಚಿಸಿ ‘ಇತರೆ’ ಎಂದು ಬರೆದರು.
ಹನ್ನೊಂದು ವರ್ಷದಿಂದ ಮಾರ್ಚ್ ಬಂದಾಗಲೆಲ್ಲ
ದುಡ್ಡು ಕಟ್ಟಿ ಇತರೆಯಾಗಿ ಮುಂದುವರಿಯುತ್ತಿದ್ದೇನೆ.

ಇನ್ನು ಮರದ ವಿಷಯ.
ಕಂಪೌಂಡಿನ ಮೂಲೆಯ ಆ ರೆಂಜೆ,
ನಿಮ್ಮ ಮನೆಮಾತಿನಲ್ಲಿ ಓಂವಳ,
ಅದು ಹೋಗಬೇಕು, ಹೂ ಉದುರಿ ಹುಲ್ಲು ಹಾಳಾಗುತ್ತದೆ ಎಂದಿರಿ.
ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ ನಿಮ್ಮ ಮಾತನ್ನೇ ಬರೆದೆ.
ಇಲಾಖೆಯವರು ಬಂದು ಟೇಪು ಸುತ್ತಿ ಸುತ್ತಳತೆ ಹಿಡಿದರು,
ಕೆಳಮನೆಯ ಜುಲಿಯಾನಾ ಬಾಯಿ
ಎಲ್ಲರಿಗೂ ಲಿಂಬೆ ಶರಬತ್ತು ಕೊಟ್ಟು ಏನೂ ಕೇಳದೆ ಒಳಗೆ ಹೋದರು.

ಫೈಲು ಮೇಲೆ ಹೋಗಿದೆ, ತಡ ಉಂಟು ಎಂದು
ಎರಡು ತಿಂಗಳು ಹೇಳಿದೆನಲ್ಲ,
ಅದು ಸುಳ್ಳು.
ಅನುಮತಿ ಫೆಬ್ರವರಿಯಲ್ಲೇ ಬಂದಿತ್ತು, ಸೀಲು ಸಮೇತ.
ನನ್ನ ಸ್ಕೂಟರಿನ ಡಿಕ್ಕಿಯಲ್ಲಿ, ಪಂಕ್ಚರ್ ಕಿಟ್ಟಿನ ಕೆಳಗೆ ಇತ್ತು.
ವಾಯಿದೆ ಮೊನ್ನೆ ಗುರುವಾರ ಮುಗಿಯಿತು.

ನಾನು ಮರದ ಭಕ್ತನಲ್ಲ.
ಎಷ್ಟೋ ಕಡಿಸಿದ್ದೇನೆ, ಕೂಲಿ ಕೊಟ್ಟು, ಲಾರಿ ಕರೆಸಿ.
ಆದರೆ ಒಂದು ಸಂಜೆ ಜುಲಿಯಾನಾ ಬಾಯಿಯ ಹಿತ್ತಿಲಿಗೆ ಇಳಿದು
ಕೆಳಗಿನಿಂದ ಮೇಲೆ ನೋಡಿದೆ.
ನಿಮ್ಮ ಅಂಗಳ ಅವರ ಅಡುಗೆಮನೆಯ ಹಂಚಿಗಿಂತ ಎತ್ತರ.
ನಡುವೆ ಹದಿನಾಲ್ಕು ಅಡಿ ಧರೆ,
ಧರೆಯ ಮೈಯೆಲ್ಲ ಆ ಬೇರು,
ಮೂಟೆಗೆ ಬಿಗಿದ ಹಗ್ಗದ ಹಾಗೆ.
ಬೇರು ಕೊಳೆತ ಮರುವರ್ಷ, ಆಟಿಯ ಒಂದು ರಾತ್ರಿ
ಏನಾಗುತ್ತದೆ ಎಂದು ನನ್ನಿಂದ ಬರೆಸಬೇಡಿ.
ತಡೆಗೋಡೆ ಕಟ್ಟಿಸಿದರೆ ನಾಲ್ಕು ಲಕ್ಷದ ಮೇಲೆ,
ಅದಕ್ಕೆ ನಕ್ಷೆ, ಇಂಜಿನಿಯರ ಸಹಿ, ಪಾಲಿಕೆಯ ಇನ್ನೊಂದು ಕಿಟಕಿ.
ಇದೇ ಕೆಲಸವನ್ನು ಆ ರೆಂಜೆ
ಲೈಸೆನ್ಸ್ ಇಲ್ಲದೆ ಮಾಡಿಕೊಂಡು ಬಂದಿದೆ.

ಮರದ ಅಡಿ ಹುಲ್ಲು ಬರುವುದಿಲ್ಲ.
ಅಷ್ಟು ಜಾಗ ನೂರ ಎಂಬತ್ತು ಚದರಡಿ,
ಎಂಟು ಸಾವಿರದ ಆರುನೂರ ನಲ್ವತ್ತು ರೂಪಾಯಿ
ಮೊತ್ತದಿಂದ ಕಳೆದಿದ್ದೇನೆ.
ಅರ್ಜಿಗೆ ಓಡಾಡಿದ ಖರ್ಚನ್ನೂ ಬಿಟ್ಟಿದ್ದೇನೆ,
ಅದು ನನ್ನ ಸುಳ್ಳಿನ ಲೆಕ್ಕಕ್ಕೆ.

ಒಪ್ಪಿಗೆಯಾದರೆ ಅರ್ಧ ಅಡ್ವಾನ್ಸ್.
ಹುಲ್ಲು ಮಳೆಗೆ ಮೊದಲು ಬೇರು ಹಿಡಿಯಬೇಕು,
ಸೋಮವಾರ ಲಾರಿ ತರಿಸುತ್ತೇನೆ.
ಒಪ್ಪಿಗೆ ಇಲ್ಲದಿದ್ದರೆ ಬೇಜಾರಿಲ್ಲ,
ಕೊಂಚಾಡಿಯಲ್ಲಿ ಒಬ್ಬರಿದ್ದಾರೆ,
ಚದರಡಿಗೆ ಮೂವತ್ತೆಂಟಕ್ಕೆ ಮಾಡುತ್ತಾರೆ, ನಂಬರು ಕೆಳಗೆ ಉಂಟು.
ಲೈಸೆನ್ಸ್ ಉಂಟಾ ಎಂದು ಅವರನ್ನೂ ಕೇಳಿ.

ಇತಿ,
ಇದಿನಬ್ಬ, ಬೋಂದೆಲ್.
ತೆರಿಗೆ ಪ್ರತ್ಯೇಕ.