ಹಸಿ ಇಟ್ಟಿಗೆ

ಜಾಂಬೋಟಿ ದಾರಿಯ ನಮ್ಮ ಭಟ್ಟಿಗೆ
ಸಮುದ್ರ ದಿನಕ್ಕೆ ಎರಡು ಸಲ ಬರುತ್ತದೆ.
ನಸುಕಿನಲ್ಲಿ ಮೀನಿನ ಲಾರಿಯೊಳಗೆ,
ಚೋರ್ಲಾ ಘಾಟು ಹತ್ತಿ, ಏದುಸಿರು ಬಿಟ್ಟು,
ಬರ್ಫದ ನೀರನ್ನು ಡಾಂಬರಿನ ಮೇಲೆ ತೊಟ್ಟಿಕ್ಕಿಸುತ್ತ.
ಮತ್ತೆ ಮಧ್ಯಾಹ್ನ ಮೂರರ ಮೇಲೆ, ಕಾಲ್ನಡಿಗೆಯಲ್ಲಿ.

ಎರಡನೆಯದನ್ನು ಮೊದಲು ಗುರುತಿಸುವವಳು ಸಟವಕ್ಕ.
ಮಣ್ಣು ತುಳಿಯುತ್ತಿದ್ದವಳು ತಟ್ಟನೆ ನಿಂತು
ಬೆವೆತ ತೋಳನ್ನು ಪಡುವಣಕ್ಕೆ ಹಿಡಿಯುತ್ತಾಳೆ:
"ಗಾಳಿ ಮಗ್ಗಲಾ ಬದಲಿ ಮಾಡ್ತು ನೋಡ."

ಅಲ್ಲಿತನಕ ಬರೀ ದಗೆ.
ವೈಶಾಖದ ಕೆಂಪು ಗರಸು ನೆಲ ಕಾದು
ಮೈಮೇಲಿನ ಗಾಳಿಯನ್ನು ಉಬ್ಬಿಸುತ್ತದೆ
ಹಂಚಿನ ಮೇಲಿನ ರೊಟ್ಟಿಯಂತೆ.
ಉಬ್ಬಿದ್ದು ಹಗುರಾಗಿ, ನೆಲದ ಹಂಗು ಬಿಟ್ಟು
ಏಳುತ್ತದೆ. ಅದು ಎದ್ದ ಜಾಗ
ಖಾಲಿ ಉಳಿಯುವುದಿಲ್ಲ;
ಮಾಂಡೋವಿಯ ಬಾಯಿಂದ
ತಂಪು ಗಾಳಿ ಆಗಲೇ ಹೊರಟಿರುತ್ತದೆ
ಗೋಡಂಬಿ ಗುಡ್ಡ ದಾಟಿ, ಕಣಕುಂಬಿಯ ಅಂಚು ಏರಿ,
ನೀರು ಹೊತ್ತು, ಕೊಡ ಮಾತ್ರ ಕಾಣಿಸದೆ.

ಆ ದಿನ ಬೈಲಹೊಂಗಲದ ಕಡೆಯಿಂದ
ಎರೆಹೊಲದ ಒಣಗಾಳಿ ಬಂದು ಅಡ್ಡ ನಿಂತಿತು.
ಇಬ್ಬರೂ ದಾರಿ ಬಿಡುವ ಪೈಕಿ ಅಲ್ಲ.
ಉಳಿದದ್ದು ಒಂದೇ ದಾರಿ, ಮೇಲಕ್ಕೆ.

ಎಂಥ ಏರು!
ಹೂಕೋಸಿನಷ್ಟಿದ್ದದ್ದು
ನಾನೊಂದು ಸಾಲು ಅಚ್ಚು ಹೊಡೆಯುವಷ್ಟರಲ್ಲಿ
ಅರ್ಧ ಆಕಾಶ ತಿಂದಿತ್ತು.
ತುದಿ ಇನ್ನು ಏರಲಾರದೆ ಚಪ್ಪಟೆಯಾಗಿ
ಕಮ್ಮಾರನ ಅಡಿಗಲ್ಲು.
ಅದರ ಮೇಲೆ ಮೊದಲ ಪೆಟ್ಟು ಬಿತ್ತು.

"ತಾಡಪತ್ರಿ! ತಾಡಪತ್ರಿ!"
ಒಂಬತ್ತು ಸಾವಿರ ಹಸಿ ಇಟ್ಟಿಗೆ,
ಹಾಳೆ ಆರೇ.
ಮೋಡದ ಹೊಟ್ಟೆಯಿಂದ ಜಾರಿದ ತಣ್ಣನೆ ಗಾಳಿ
ಒಂದನ್ನು ಕಿತ್ತುಕೊಂಡು ನೀಲಗಿರಿ ಗಿಡಕ್ಕೆ ತೊಡಿಸಿತು.
ಸಟವಕ್ಕ ನಕ್ಕಳು. ನಾನು ಬೈದೆ, ಯಾರನ್ನೋ.
ಆಮೇಲೆ ಆಣೆಕಲ್ಲು.
ಮುಂಜಾನೆಯ ಲಾರಿಯ ಬರ್ಫವನ್ನೇ
ಯಾರೋ ಮೇಲಿಂದ ಸುರಿದಂತೆ,
ಮೀನಿನ ವಾಸನೆ ಅಷ್ಟೇ ಇಲ್ಲ.

ಇಪ್ಪತ್ತು ನಿಮಿಷ.
ಮೂರು ಸಾಲು ಮತ್ತೆ ಮಣ್ಣಾಗಿತ್ತು, ಇನ್ನೊಮ್ಮೆ ತುಳಿದರಾಯಿತು.
ನಾಲ್ಕನೆಯದು ನಿಂತಿತ್ತು, ಮೈತುಂಬ ಸಿಡುಬಿನ ಕುಳಿ.
ಅದನ್ನೂ ಸುಟ್ಟೆವು.

ಟಿಳಕವಾಡಿಯ ಗುತ್ತಿಗೆದಾರ ದಡ್ಡೀಕರ
ಒಂದನ್ನೆತ್ತಿ, ಕುಳಿಯೊಳಗೆ ಬೆರಳಿಟ್ಟು ಕೇಳಿದ:
"ಇದಕ್ಕೇನ ಹುಳಾ ಹತ್ಯಾವೇನ?"
"ಸಮುದ್ರ ರೀ" ಅಂದಳು ಸಟವಕ್ಕ.
ಆತ ಸಾವಿರಕ್ಕೆ ಇನ್ನೂರು ಕಡಿಮೆ ಮಾಡಿ
ಲಾರಿ ತುಂಬಿಸಿದ.