ನ್ಯಾಂಗ್ವರಿಯಲ್ಲಿ ಹುಳು ಎಣಿಸುತ್ತ

ಕಣಜದ ಬಾಲ ಹಿಡಿದು ಮೆಲ್ಲಗೆ ಎಳೆಯಬೇಕು,
ಹುರುಳಿಕಾಯಿಯ ನಾರು ತೆಗೆದ ಹಾಗೆ.
ಮೊಟ್ಟೆಯ ಗೊಂಚಲು ಇಡಿಯಾಗಿ ಬರುತ್ತದೆ.
ಗಾಜಿನ ಮೇಲೆ ಒಂದು ಹನಿ ನೀರು,
ಮೇಲಿನಿಂದ ಸೂಕ್ಷ್ಮದರ್ಶಕದ ಬೆಳಕು.

ತಗಡಿನ ಷೆಡ್ಡಿನಲ್ಲಿ ಹತ್ತೊಂಬತ್ತು ಬೇಸಿಗೆ
ಇದೇ ನನ್ನ ಕೆಲಸ:
ಮೊಟ್ಟೆಯೊಳಗೆ ಹುಳು ಇದೆಯೆ, ಇಲ್ಲವೆ.
ಇದ್ದರೆ ಗೀಟು. ಇಲ್ಲದಿದ್ದರೆ ಸೊನ್ನೆ.

ಹುಳು ಅಂದರೆ ನಾವೇ ಸಾಕಿದ್ದು.
ಗೋಧಿ ಬೇಯಿಸಿ, ಬೂಷ್ಟು ಹತ್ತಿಸಿ,
ಸೀಸೆಯಲ್ಲಿ ಲಕ್ಷಗಟ್ಟಲೆ.
ಚಳಿಗಾಲಕ್ಕೆ ಪೈನ್ ಕೆಡವಿ, ಸುತ್ತಿಗೆಯಲ್ಲಿ ತೂತು ಹೊಡೆದು
ಮುಲಾಮಿನ ಹಾಗೆ ಮೆತ್ತಿದರೆ ಸಾಕು,
ಮರದೊಳಗಿನ ಕಣಜದ ಮರಿಯನ್ನು ಹುಡುಕಿ ಹೊಗುತ್ತವೆ.
ಅವಳು ಸಾಯುವುದಿಲ್ಲ. ಜಾಣತನ ಇರುವುದೇ ಅಲ್ಲಿ.
ರೆಕ್ಕೆ ಬಂದು ಹಾರುತ್ತಾಳೆ, ಇನ್ನೊಂದು ಮರ ಕೊರೆದು
ಮಕ್ಕಳೆಂದುಕೊಂಡು
ನಮ್ಮ ಹುಳುಗಳನ್ನು ಇಟ್ಟು ಬರುತ್ತಾಳೆ.

ಮಡಿಲು ತುಂಬಿ ಕಳಿಸಿದ್ದೇವೆ, ಅಂದೆ ಒಮ್ಮೆ ಲೋರ್ನಾಗೆ.
ಅಕ್ಕಿ, ಬೆಲ್ಲ, ಕೊಬ್ಬರಿ, ಎಲ್ಲ ಬಿಡಿಸಿ ಹೇಳಬೇಕಾಯಿತು.
ಅವಳು ನಗಲಿಲ್ಲ.

ಆಮೇಲೆ ಸೊನ್ನೆಗಳು ಶುರುವಾದವು.
ಹತ್ತಕ್ಕೆ ಮೂರು. ಮರುವರ್ಷ ಏಳು.
ನನ್ನ ಕಣ್ಣೇ ಕೆಟ್ಟಿತೆಂದು ಕನ್ನಡಕ ಬದಲಿಸಿದೆ.
ಕಣಜಗಳು ಕೊಬ್ಬಿದ್ದವು; ಮೊಟ್ಟೆ ಒಂದೊಂದೂ
ಆರಿಸಿದ ಅಕ್ಕಿಯಷ್ಟು ಚೊಕ್ಕಟ.
ಪೆನೋಲಾ ರಸ್ತೆಯುದ್ದಕ್ಕೂ ಪೈನ್ ಸಾಲು
ನೆತ್ತಿಯಿಂದ ಕೆಂಪಾಗುತ್ತ ಬಂತು.

ಸೀಸೆಯಲ್ಲೇ ಹುಟ್ಟಿ ಬೂಷ್ಟು ತಿಂದ ತಲೆಮಾರುಗಳು
ಕಣಜದ ದಾರಿ ಮರೆತಿವೆ, ಅಂದಳು ಲೋರ್ನಾ ಪೆದರಿಕ್.
ಕೂತಲ್ಲಿಗೇ ಊಟ ಬರುವಾಗ ಬೇಟೆ ಯಾರಿಗೆ ಬೇಕು?
ನಾವು ತೀರ ಚೆನ್ನಾಗಿ ಸಾಕಿಬಿಟ್ಟೆವು.
ಬೆಂದ ಗೋಧಿಯ ವಾಸನೆ ಇನ್ನೂ ನನ್ನ ಕೈಯಲ್ಲಿತ್ತು.

ಎಲ್ಲಕ್ಕೂ ಮೊದಲು ಹುಳು ಬಿಟ್ಟು, ಆಮೇಲೆ ಮರೆತ
ತೋಪೊಂದು ಇತ್ತಂತೆ, ಬೆಟ್ಟದಾಚೆ.
ಯಾರೂ ಉಣಿಸದೆ ಅಲ್ಲಿ ಉಳಿದಿದ್ದರೆ ಉಳಿದಿರಬೇಕು.
ಡಾರ್ಸಿ ಗರಗಸ ತಂದ. ತಂದ ಒಂದೇ ದಿಮ್ಮಿಯನ್ನು
ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಹಾಕಿದ.
ನಾನು ಹಿಂದೆ, ಸುತ್ತಿಗೆಗಳ ಜೊತೆ.

ಜನವರಿಯಲ್ಲಿ ಬಲೆಯ ಪೆಟ್ಟಿಗೆಯೊಳಗೆ ಸದ್ದಾಯಿತು.
ನೀಲಿ ಮೈ, ಉದ್ದ ಸೂಜಿ, ಹೆಣ್ಣು.
ಬಾಲ ಹಿಡಿದೆ, ಎಳೆದೆ.
ಹನಿ ನೀರಿನಲ್ಲಿ, ಮೊಟ್ಟೆಯ ಪೊರೆಯ ಒಳಗೆ
ಏನೋ ಮಗ್ಗುಲು ಬದಲಿಸಿತು.

ಲೋರ್ನಾ ಬಗ್ಗಿ ಬಹಳ ಹೊತ್ತು ನೋಡಿದಳು.
"ಮಡಿಲ್," ಅಂದಳು, ಮೊಂಡು ನಾಲಿಗೆಯಲ್ಲಿ.

ಈ ಸಲ ನಾನೂ ನಗಲಿಲ್ಲ.
ಗೀಟು ಹಾಕಿದೆ.