ಮರೆತುಹೋದ ಪೆನ್ ಡ್ರೈವ್

ಎರಡು ಸಾವಿರ ಜೀನ್ಸಿಗೆ ಮುಂಗಡ ಕೊಟ್ಟವನು
ಕಿನ್ಶಾಸಾದವನಂತೆ. ಚಹಾ ಕುಡಿದು ಹೋದ,
ಪೆನ್ ಡ್ರೈವ್ ಉಳಿಯಿತು
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ.

ವನ್ನೂರಪ್ಪ ಸ್ಪೀಕರಿಗೆ ಚುಚ್ಚಿದ.
ಮೂರು ಗಿಟಾರು.
ಒಂದು ಮಾತೆತ್ತಿದರೆ ಇನ್ನೊಂದು ಬಾಯಿ ಹಾಕುತ್ತದೆ,
ಮೂರನೆಯದು ಸುಮ್ಮನೆ ನಗುತ್ತದೆ,
ನಳದ ಸಾಲಿನಲ್ಲಿ ನಮ್ಮ ಹಾಗೆ.

"ಬಾಕಿ ಕೇಳಾಕತ್ತಾನ" ಎಂದಳು ಖಾಜಾಬಿ.
"ಅಲ್ಲಬೇ, ಹೆಂಡ್ತಿ ತವರಿಗೆ ಹೋಗ್ಯಾಳ."

ಡೋಲು ಬಂದಾಗ ಮಾತ್ರ
ಯಾರೂ ಅರ್ಥ ಕೇಳಲಿಲ್ಲ.
ಅಲಾಯಿ ಕುಣಿಯ ಸುತ್ತ ತಿರುಗಿದ ಕಾಲು
ಪೆಡಲಿನ ಮೇಲೆ ಹಾದಿ ತಪ್ಪಿತು;
ಹೊಲಿಗೆ ಸೊಟ್ಟ.

ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಖಾಜಾಬಿಯ ಕತ್ತರಿ
ಟಿಕ್, ಟಿಟಿಕ್...
ಮೂರನೆಯ ಗಿಟಾರಿನ ಪಾಲು.

ಆ ಹೊಲಿಗೆ ನಾನು ಬಿಚ್ಚಲಿಲ್ಲ.
ಗುಂಡಿ ಹಚ್ಚಿ, ಮಡಿಸಿ,
ಅವನೂರಿನ ಬಂಡಲಿಗೆ ಸೇರಿಸಿದೆ.